ಐವತ್ತಾರು ಎಂಬ ಊರಿನಿಂದ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಜುಲೈ 26ರ ಕಾರ್ಗಿಲ್ ವಿಜಯ ದಿವಸದ ಆಮಂತ್ರಣ ಕೈಸೇರಿತು. ಬೆಳಿಗ್ಗೆ ಹತ್ತು ಗಂಟೆಗೆ ಪದಕಗಳನ್ನು ಧರಿಸಿ ಹಾಜರಿರಬೇಕು, ಮುಂದಿನ ಸಾಲಿನಲ್ಲಿ ಆಸನ ಕಾದಿರಿಸಲಾಗಿದೆ, ಸನ್ಮಾನದ ನಂತರ ಲಘು ಉಪಾಹಾರವಿದೆ ಎಂದು ಬರೆದಿದೆ. ಕಳೆದ ವರ್ಷವೂ ಬಂದಿದ್ದೆ, ಅದರ ಹಿಂದಿನ ವರ್ಷವೂ ಬಂದಿದ್ದೆ. ನನ್ನ ಕಪ್ಪು ಟ್ರಂಕಿನಲ್ಲಿ ಈಗ ಏಳು ಶಾಲುಗಳಿವೆ. ಎಂಟನೆಯದು ಮೊಮ್ಮಗಳ ತೊಟ್ಟಿಲಿಗೆ ಹಾಸಿಗೆಯಾಗಿದೆ. ಹೊದಿಸಿದವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಒಂಬತ್ತನೆಯದಕ್ಕೆ ಹೆಗಲು ಕೊಡುವ ಮುನ್ನ ಕೆಲವು ಮಾತು ಹೇಳಬೇಕಿದೆ. ತಮ್ಮ ಕಚೇರಿಗೆ ಮಾತ್ರ ಬರೆದರೆ ಟಪಾಲು ಶಾಖೆಯಲ್ಲಿ ಒಂದು ಸಂಖ್ಯೆ ಬಿದ್ದು ಅಲ್ಲೇ ಮಲಗುತ್ತದೆ ಎಂಬುದು ಅನುಭವದ ಮಾತು. ಆದ್ದರಿಂದ ನಾಲ್ಕು ಜನ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಿದ್ದುಪಡಿ. ಕಳೆದ ವರ್ಷ ನಿರೂಪಕರು ನನ್ನನ್ನು "ಹಿಮಶಿಖರಗಳಲ್ಲಿ ಶತ್ರುವಿನ ಎದೆ ಸೀಳಿದ ವೀರ" ಎಂದು ಕರೆದರು. ನಾನು ಯಾರ ಎದೆಯನ್ನೂ ಸೀಳಿಲ್ಲ, ಯಾವ ಶಿಖರವನ್ನೂ ಹತ್ತಿಲ್ಲ. ಲಾರಿ ಓಡಿಸಿದ್ದೇನೆ. ಸೇನೆಗೆ ಅನ್ನ, ಎಣ್ಣೆ, ಮದ್ದುಗುಂಡು ಸಾಗಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಹತ್ತೊಂಬತ್ತು ವರ್ಷ ಚಾಲಕನಾಗಿದ್ದು ಲ್ಯಾನ್ಸ್ ನಾಯಕನಾಗಿ ನಿವೃತ್ತನಾದೆ. ಈ ವರ್ಷ ನಿರೂಪಕರ ಕೈಗೆ ಕೊಡುವ ಚೀಟಿಯಲ್ಲಿ "ಡ್ರೈವರ್" ಎಂದು ಬರೆಸಿದರೆ ಉಪಕಾರವಾಗುತ್ತದೆ.

ನಮ್ಮದು ಮಳೆಯನ್ನೇ ನಂಬಿದ ನಾಲ್ಕು ಎಕರೆ ಎರೆಹೊಲ. ಹಿಂಗಾರಿಗೆ ಬಿಳಿಜೋಳ, ಕಡಲೆ. ನಾವು ಮೂವರು ಅಣ್ಣತಮ್ಮಂದಿರು. ನಾಲ್ಕನ್ನು ಮೂರರಿಂದ ಭಾಗಿಸಿದರೆ ಏನು ಉಳಿಯುತ್ತದೆ ಎಂಬ ಲೆಕ್ಕ ನನಗೆ ಹತ್ತನೆಯ ತರಗತಿಗೆ ಮೊದಲೇ ಬರುತ್ತಿತ್ತು. 1989ರಲ್ಲಿ ಬೆಳಗಾವಿಯಲ್ಲಿ ಭರ್ತಿ ಇದೆ ಎಂದು ಯಾರೋ ಹೇಳಿದರು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯೊಂದಿಗೆ ಹಿಂದಿನ ರಾತ್ರಿಯೇ ಹೋಗಿ ಮೈದಾನದ ಹೊರಗೆ ಮಲಗಿದೆ. ಬೆಳಗ್ಗೆ ಬರಿಗಾಲಲ್ಲಿ ಓಡಿದೆ. ಎದೆ ಉಬ್ಬಿಸಿ ನಿಂತಾಗ ಟೇಪು ಹಿಡಿದ ಹವಾಲ್ದಾರರು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಿದ್ದರು. ಆ ಇನ್ನೂ ಸ್ವಲ್ಪವನ್ನು ಎಲ್ಲಿಂದ ತಂದೆನೋ ಗೊತ್ತಿಲ್ಲ. ದೇಶಪ್ರೇಮದಿಂದ ಸೇರಿದಿರಾ ಎಂದು ಶಾಲೆಯ ಮಕ್ಕಳು ಕೇಳುತ್ತಾರೆ. ಅವರೆದುರು ಹೌದು ಎಂದು ತಲೆಯಾಡಿಸುತ್ತೇನೆ. ತಮ್ಮೆದುರು ಸುಳ್ಳು ಹೇಳುವುದಿಲ್ಲ. ಸಂಬಳಕ್ಕಾಗಿ ಸೇರಿದೆ. ದೇಶ ನನಗೆ ಪರಿಚಯವಾದದ್ದು ಆಮೇಲೆ, ಒಬ್ಬೊಬ್ಬರಾಗಿ: ಪಕ್ಕದ ಮಂಚದ ಬಿಹಾರದವನು, ಅನ್ನ ಸಿಕ್ಕದ ದಿನ ಮುಖ ಊದಿಸಿಕೊಳ್ಳುತ್ತಿದ್ದ ತಮಿಳು ಹುಡುಗ, ಜ್ವರ ಬಂದಾಗ ನನ್ನ ಪಾಳಿಯ ಕಾವಲನ್ನೂ ಮಾಡಿದ ಗಢವಾಲಿನವನು.

ತರಬೇತಿ ಬೆಂಗಳೂರಿನಲ್ಲಿ ಆಯಿತು. ಅದರ ಕಥೆ ಎಲ್ಲ ಫೌಜಿಗಳದೂ ಒಂದೇ, ಬಿಡಿ. ಉಸ್ತಾದರು ಬೈದರು, ನಾವು ಕಲಿತೆವು.

ಮುಂದೆ ಹಲವು ಕಡೆ ವರ್ಗವಾದರೂ ಮನೆಗೆ ನನ್ನ ವಿಳಾಸ ಒಂದೇ ಆಗಿತ್ತು. ನಂಬರು, ಹೆಸರು, ಯುನಿಟ್ಟು, ಕೊನೆಯಲ್ಲಿ "ಕೇರ್ ಆಫ್ 56 ಎಪಿಒ". ಅದು ಸೇನೆಯ ಅಂಚೆ ಕಚೇರಿಯ ಸಂಖ್ಯೆ. ಸೈನಿಕ ಎಲ್ಲಿದ್ದಾನೆಂದು ಹೊರಗಿನವರಿಗೆ ತಿಳಿಯದಿರಲೆಂದು ಮಾಡಿದ ಏರ್ಪಾಡು. ಅವ್ವ ಮಾತ್ರ ಐವತ್ತಾರು ಎಂಬುದು ಒಂದು ಊರು ಎಂದೇ ತಿಳಿದಿದ್ದಳು. ಯಾರಾದರೂ ಮಗ ಎಲ್ಲಿದ್ದಾನೆ ಎಂದರೆ "ಐವತ್ತಾರರಲ್ಲಿ" ಎನ್ನುತ್ತಿದ್ದಳು. ಅಲ್ಲಿ ಮಳೆ ಹೇಗೆ, ಜೋಳ ಸಿಗುತ್ತದೆಯೇ ಎಂದು ಪತ್ರ ಬರೆಸುತ್ತಿದ್ದಳು. 1999ರ ಬೇಸಿಗೆಯಲ್ಲಿ ಪಂಚಾಯಿತಿಯ ಟಿವಿಯಲ್ಲಿ ಯುದ್ಧ ತೋರಿಸತೊಡಗಿದಾಗ ಮಾಸ್ತರರ ಮನೆಗೆ ಹೋಗಿ ಕೇಳಿದಳಂತೆ: "ಈ ಕಾರ್ಗಿಲ್ಲಿಗೂ ಐವತ್ತಾರಕ್ಕೂ ಎಷ್ಟು ದೂರ?" ಮಾಸ್ತರರು ಬಹಳ ದೂರ ಎಂದು ಹೇಳಿ ಕಳುಹಿಸಿದರು. ಆ ಪುಣ್ಯಾತ್ಮರಿಗೆ ನಾನು ಇವತ್ತಿಗೂ ಋಣಿ. ಆ ಹೊತ್ತಿಗೆ ನಾನು ಕಾಶ್ಮೀರದ ಸೋನಾಮಾರ್ಗ್‌ನಲ್ಲಿ ಲಾರಿಗೆ ಗುಂಡು ತುಂಬುತ್ತಿದ್ದೆ.

ಯುದ್ಧ ಎಂದರೆ ಎಲ್ಲರಿಗೂ ತೋಲೋಲಿಂಗ್, ಟೈಗರ್ ಹಿಲ್ ನೆನಪಾಗುತ್ತವೆ. ಆಗಲೇಬೇಕು. 15,000 ಅಡಿಗೂ ಎತ್ತರದ ಆ ಬೋಳು ಕಲ್ಲುಗಳನ್ನು ರಾತ್ರಿ ಹೊತ್ತು ಹತ್ತಿದವರ ಕಾಲಿನ ಧೂಳಿಗೂ ನಾನು ಸಮನಲ್ಲ. ಆದರೆ ಅವರು ಹತ್ತುವ ಮುನ್ನ ಕೆಳಗಿನಿಂದ ಬೊಫೋರ್ಸ್ ತೋಪುಗಳು ಗರ್ಜಿಸುತ್ತಿದ್ದುದನ್ನು ತಾವು ಟಿವಿಯಲ್ಲಿ ನೋಡಿರುತ್ತೀರಿ. ಅದರ ಒಂದು ಗುಂಡು ನಲವತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಆ ಯುದ್ಧದಲ್ಲಿ ನಮ್ಮ ಸೇನೆ ಸಿಡಿಸಿದ ಶೆಲ್, ರಾಕೆಟ್ ಮೊದಲಾದವುಗಳ ಲೆಕ್ಕವನ್ನು ಎರಡೂವರೆ ಲಕ್ಷ ಎನ್ನುತ್ತಾರೆ. ಅವು ಆಕಾಶದಿಂದ ಉದುರಲಿಲ್ಲ, ಲಾರಿಗಳಲ್ಲಿ ಬಂದವು. ಆ ಶಿಖರಗಳ ಕೆಳಗಿನ ದ್ರಾಸ್ ಕಡೆಯ ತೋಪುಗಳಿಗೆ ಬೇಕಾದದ್ದು ಝೋಜಿಲಾ ಎಂಬ ಕಣಿವೆದಾರಿ ಹತ್ತಿ ಬರಬೇಕಿತ್ತು.

ಸೋನಾಮಾರ್ಗ್‌ನಿಂದ ದ್ರಾಸ್‌ಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ನಡುವೆ 11,500 ಅಡಿ ಎತ್ತರದ ಝೋಜಿಲಾ, ಆಮೇಲೆ ಗುಮ್ರಿ, ಮಟಾಯನ್, ಪಂದ್ರಾಸ್. ಹಿಮ ಕರಗಿ ರಸ್ತೆ ಎಂದರೆ ಕೆಸರು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ. ದ್ರಾಸ್ ಹತ್ತಿರವಾದಂತೆ ರಸ್ತೆಯನ್ನು ಮೇಲಿನ ಶಿಖರಗಳಲ್ಲಿ ಕುಳಿತವರು ಅಂಗೈಯಂತೆ ನೋಡಬಹುದಿತ್ತು. ಹಗಲಲ್ಲಿ ಲಾರಿ ಕಂಡರೆ ಗುಂಡು ಬೀಳುತ್ತಿತ್ತು. ಹಾಗಾಗಿ ಕಾನ್ವಾಯ್ ಹೊರಡುತ್ತಿದ್ದುದು ಕತ್ತಲಾದ ಮೇಲೆ, ಹೆಡ್‌ಲೈಟ್ ಹಾಕುವಂತಿಲ್ಲ, ಬೀಡಿಯನ್ನೂ ಹಚ್ಚುವಂತಿಲ್ಲ.

ಬೆಳಕಿಲ್ಲದೆ ಘಟ್ಟದಲ್ಲಿ ಲಾರಿ ಹೇಗೆ ಓಡಿಸುತ್ತಾರೆ ಎಂದು ತಾವು ಕೇಳಬಹುದು. ಸೇನೆಯ ಲಾರಿಯ ಹಿಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಅಚ್ಚಿನ ಮೇಲೆ ಒಂದು ಗುಂಡಗಿನ ಕಬ್ಬಿಣದ ಡಬ್ಬಿ ಕಾಣುತ್ತದೆ, ಡಿಫ್ರೆನ್ಷಿಯಲ್. ಅದಕ್ಕೆ ಬಿಳಿ ಬಣ್ಣ ಹಚ್ಚಿರುತ್ತಾರೆ. ಅದರ ಮೇಲೆ ಬೆಳಕು ಬೀಳುವಂತೆ, ಮೇಲಿನಿಂದ ಯಾರಿಗೂ ಕಾಣದಂತೆ, ಚಿಕ್ಕ ಬಲ್ಬು ಇರುತ್ತದೆ. ಹಿಂದಿನವನಿಗೆ ಕಾಣುವುದು ಅಷ್ಟೇ: ಕತ್ತಲಲ್ಲಿ ತೇಲುವ ಒಂದು ಬಿಳಿ ಬಟ್ಟಲು. ಅದು ಎಡಕ್ಕೆ ಹೋದರೆ ನೀನೂ ಎಡಕ್ಕೆ. ಅದು ನಿಂತರೆ ನಿಲ್ಲು. ಅದು ಪ್ರಪಾತಕ್ಕೆ ಹೋದರೆ, ಅದನ್ನು ನಾವು ಮಾತನಾಡುತ್ತಿರಲಿಲ್ಲ.

ಆ ಎರಡು ತಿಂಗಳ ಬಹುತೇಕ ರಾತ್ರಿಗಳಲ್ಲಿ ನನ್ನ ಮುಂದಿದ್ದ ಬಟ್ಟಲು ಪಕ್ಕದ ತಾಲ್ಲೂಕಿನವನದು. ಅವನ ಹೆಸರು ಬರೆಯುವುದಿಲ್ಲ, ಮನೆಯವರು ಬೇಡ ಎಂದಿದ್ದಾರೆ. ಪ್ಲಟೂನಿನಲ್ಲಿ ಕನ್ನಡದವರು ನಾವಿಬ್ಬರೇ. ಅವನು ಸಣ್ಣ ಆಳು, ಸ್ಟಿಯರಿಂಗ್ ಹಿಂದೆ ಕೂತರೆ ಟೋಪಿ ಮಾತ್ರ ಕಾಣುತ್ತಿತ್ತು. ತಿರುವಿನಲ್ಲಿ ಅವಸರ ಮಾಡುತ್ತಿರಲಿಲ್ಲ. ಕೆಟ್ಟ ಜಾಗ ಬಂದರೆ ಎರಡು ಸಲ ಬ್ರೇಕು ಒತ್ತಿ ಬಿಡುತ್ತಿದ್ದ, ಬಿಳಿ ಬಟ್ಟಲು ಎರಡು ಸಲ ತಲೆಯಾಡಿಸುತ್ತಿತ್ತು. ಅದು ನಿಯಮದಲ್ಲಿ ಇರಲಿಲ್ಲ, ನನಗಾಗಿ ಮಾಡುತ್ತಿದ್ದ. ಜೂನ್ 13ರಂದು ತೋಲೋಲಿಂಗ್ ನಮ್ಮದಾಯಿತು. ನಮಗೆ ಅದು ಅರಿವಾದದ್ದು ರಸ್ತೆಯ ಮೇಲೆ ಬೀಳುವ ಗುಂಡು ಕಡಿಮೆಯಾದದ್ದರಿಂದ. ಆ ದಿನಗಳಲ್ಲೊಮ್ಮೆ ದ್ರಾಸ್‌ನಲ್ಲಿ ಲಾರಿ ಖಾಲಿ ಮಾಡಿ, ಚಕ್ರಕ್ಕೆ ಒರಗಿ ಕೂತು, ಅವನು ಮನೆಯಿಂದ ಬಂದ ಗುರೆಳ್ಳು ಚಟ್ನಿಪುಡಿಯನ್ನು ಲಂಗರಿನ, ಅಂದರೆ ಸೇನೆಯ ಅಡುಗೆಮನೆಯ, ಪೂರಿಗೆ ಹಚ್ಚಿ ಅರ್ಧ ನನಗೆ ಕೊಟ್ಟ. ತಿಂಗಳ ಹಿಂದೆ ಕಳುಹಿಸಿದ ಪುಡಿ, ಸ್ವಲ್ಪ ಕಮಟು ಹಿಡಿದಿತ್ತು. ಇಬ್ಬರೂ ಬೆರಳು ನೆಕ್ಕಿದೆವು.

ಕೆಳಗಿಳಿಯುವಾಗ ಲಾರಿಗಳು ಎಲ್ಲ ದಿನವೂ ಖಾಲಿ ಇರುತ್ತಿರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆ ಯುದ್ಧದಲ್ಲಿ 527 ಮಂದಿ ತೀರಿಕೊಂಡರು, 1,300ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹಿಂದಿನ ಯುದ್ಧಗಳಲ್ಲಿ ಸಾಮಾನ್ಯವಾಗಿ ಮನೆಗೆ ತಂತಿ ಬರುತ್ತಿತ್ತು, ಅಂತ್ಯಕ್ರಿಯೆ ಗಡಿಯಲ್ಲೇ ಮುಗಿಯುತ್ತಿತ್ತು. ಸೈನಿಕನ ದೇಹವನ್ನು ಹುಟ್ಟೂರಿನ ಬಾಗಿಲಿಗೇ ತಂದು ಒಪ್ಪಿಸುವ ರೂಢಿ ಬೆಳೆದದ್ದು ಕಾರ್ಗಿಲ್‌ನಿಂದ. ಹಳ್ಳಿಹಳ್ಳಿಯ ಜನ ಸಾಲುಗಟ್ಟಿ ನಿಂತರು. ವೃತ್ತಗಳಿಗೆ, ಶಾಲೆಗಳಿಗೆ ಹೆಸರು ಬಂತು. ಅದು ಅವರಿಗೆ ಸಲ್ಲಬೇಕಾದದ್ದೇ. ಆದರೆ ಯುದ್ಧಕ್ಕೆ ಹೋದ ಬಹುಪಾಲು ಜನ ಸಾಯುವುದಿಲ್ಲ, ಶೌರ್ಯಪದಕವನ್ನೂ ಗಳಿಸುವುದಿಲ್ಲ. ಅವರು ರಜೆಯ ಚೀಟಿ ಹಿಡಿದು, ಕಾಯ್ದಿರಿಸದ ಬೋಗಿಯ ಬಾಗಿಲ ಬಳಿ ಟ್ರಂಕಿನ ಮೇಲೆ ಕೂತು ಊರಿಗೆ ಬರುತ್ತಾರೆ. ನಾವಿಬ್ಬರೂ ಹಾಗೆಯೇ ಬಂದೆವು.

2008ರಲ್ಲಿ ನಿವೃತ್ತನಾದಾಗ ನನಗೆ 38 ವರ್ಷ. ತಮ್ಮ ಕಚೇರಿಯಲ್ಲಿ ಆ ವಯಸ್ಸಿನವರು ಮೊದಲ ಬಡ್ತಿಯ ದಾರಿ ಕಾಯುತ್ತಿರುತ್ತಾರೆ. ಸಿಪಾಯಿ ಮಾತ್ರ ಆ ವಯಸ್ಸಿಗೆ "ಮಾಜಿ" ಆಗುತ್ತಾನೆ. ಮಕ್ಕಳು ಹೈಸ್ಕೂಲಿನಲ್ಲಿ, ಅಪ್ಪನಿಗೆ ದಮ್ಮು, ಪಿಂಚಣಿ ಅರ್ಧ ಸಂಸಾರಕ್ಕೆ. ಹತ್ತಿರದ ಪಟ್ಟಣದಲ್ಲಿ ಒಂದು ಖಾಸಗಿ ಬಸ್ ಕಂಪನಿಗೆ ಡ್ರೈವರ್ ಬೇಕೆಂದು ತಿಳಿದು ಹೋದೆ. ಮ್ಯಾನೇಜರರು ಕಾಗದಗಳನ್ನು ತಿರುವಿ ಹಾಕಿ ಕೇಳಿದರು: "ಘಟ್ಟದ ರಸ್ತೆಯಲ್ಲಿ, ರಾತ್ರಿ ಪಾಳಿಯಲ್ಲಿ ಓಡಿಸಿದ ಅನುಭವ ಇದೆಯೇನು?" ಇದೆ ಎಂದೆ. ಸರ್ಟಿಫಿಕೇಟು ಎಲ್ಲಿ ಎಂದರು. ನಗು ಬಂತು, ತಡೆದುಕೊಂಡೆ. ಅಲ್ಲಿ ಕೆಲಸ ಸಿಗಲಿಲ್ಲ. ಕೊನೆಗೆ ಒಂದು ಎಟಿಎಂ ಬಾಗಿಲಲ್ಲಿ ಹನ್ನೆರಡು ಗಂಟೆಯ ಕಾವಲು ಸಿಕ್ಕಿತು. ಮಾಜಿ ಸೈನಿಕರ ಮೀಸಲಾತಿಯ ಹುದ್ದೆಗಳಿಗೆ ಅರ್ಜಿ ಹಾಕಲಿಲ್ಲವೇ ಎಂದು ಕೇಳುತ್ತೀರಿ. ಹಾಕಿದೆ. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದ ಕೈ ಇಪ್ಪತ್ತೆರಡರ ಪದವೀಧರರ ಜೊತೆ ಸಾಮಾನ್ಯ ಜ್ಞಾನದ ಪರೀಕ್ಷೆ ಬರೆಯಿತು. ಫಲಿತಾಂಶ ತಾವೇ ಊಹಿಸಬಹುದು.

ಊರಿನಲ್ಲಿ ಗೌರವಕ್ಕೆ ಕೊರತೆಯಿರಲಿಲ್ಲ. ಮಕ್ಕಳಿಗೆ ನಾನು ಮಿಲಿಟರಿ ಕಾಕಾ. ಹಿರಿಯರಿಗೆ ತಿಂಗಳ ಮೊದಲ ವಾರ ನನ್ನ ಮೇಲೆ ವಿಶೇಷ ಪ್ರೀತಿ, ಕ್ಯಾಂಟೀನಿನ ರಮ್ಮು ಬರುವ ವಾರ ಅದು. ರಾತ್ರಿಯ ಬಸ್ಸಿನಲ್ಲಿ ಪ್ರಯಾಣ ಮಾಡುವಾಗ ಮಾತ್ರ ನಾನು ಇವತ್ತಿಗೂ ನಿದ್ದೆ ಮಾಡುವುದಿಲ್ಲ. ಮುಂದೆ ಹೋಗುವ ಲಾರಿಯ ಅಚ್ಚನ್ನೇ ನೋಡುತ್ತಾ ಕೂರುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಮುಂದಿನ ಲಾರಿಯವನು ಎರಡು ವರ್ಷದ ಹಿಂದೆ ತೀರಿಕೊಂಡ. ಹೊಲದಿಂದ ಬಂದು ಎದೆ ಹಿಡಿದು ಕಟ್ಟೆಯ ಮೇಲೆ ಕೂತವನು ಏಳಲಿಲ್ಲ. ಯುದ್ಧದಲ್ಲಿ ಸತ್ತಿಲ್ಲವಾದ್ದರಿಂದ ಅವನು ಹುತಾತ್ಮನಲ್ಲ. ಮೆರವಣಿಗೆ ಇರಲಿಲ್ಲ, ಅದನ್ನು ಯಾರೂ ಬಯಸಲೂ ಇಲ್ಲ. ಮರಣ ಪ್ರಮಾಣಪತ್ರ ಬ್ಯಾಂಕಿಗೆ ಕೊಟ್ಟ ತಿಂಗಳು ಅವನ ಪಿಂಚಣಿ ನಿಂತಿತು, ಅದೂ ಸರಿಯೇ. ಹೆಂಡತಿಗೆ ಬರಬೇಕಾದ ಕುಟುಂಬ ಪಿಂಚಣಿ ಮಾತ್ರ ಈ ಪತ್ರ ಬರೆಯುವ ದಿನದವರೆಗೆ ಬಂದಿಲ್ಲ.

ಕಾರಣ ಎರಡಕ್ಷರ. ನಮ್ಮ ಕಡೆಯ ಹೆಂಗಸರ ಹೆಸರು "ಅವ್ವ" ಎಂದು ಮುಗಿಯುತ್ತದೆ. ಆಕೆಯ ಆಧಾರ್, ಪಡಿತರ ಚೀಟಿ, ಮತದಾರರ ಚೀಟಿ ಎಲ್ಲದರಲ್ಲೂ ಹಾಗೆಯೇ ಇದೆ. ಸೇನೆಯ ಕಡತದಲ್ಲಿ ಮಾತ್ರ "ಬಾಯಿ" ಎಂದು ಮುಗಿದಿದೆ. ಅದು ಹೇಗಾಯಿತೆಂದು ನನಗೆ ಗೊತ್ತು, ಪಕ್ಕದಲ್ಲೇ ನಿಂತಿದ್ದೆ. ಮದುವೆಯಾಗಿ ರಜೆಯಿಂದ ಮರಳಿದ ಸಿಪಾಯಿ ಅದನ್ನು ಕಚೇರಿಯಲ್ಲಿ ಬರೆಸಬೇಕು, ಪಾರ್ಟ್ ಟೂ ಆರ್ಡರ್ ಎಂಬ ಸೇನೆಯ ದಾಖಲೆ ಆದೇಶದಲ್ಲಿ ಅದು ಪ್ರಕಟವಾಗಬೇಕು. ಗುಮಾಸ್ತರು ಉತ್ತರದ ಕಡೆಯವರು, ದಕ್ಷಿಣದ ಹುಡುಗರ ಜೊತೆ ಇದ್ದು ನಾಲ್ಕು ಪದ ಕಲಿತಿದ್ದರು. ಇವನು ಹೆಂಡತಿಯ ಹೆಸರು ಹೇಳಿದ. "ಅವ್ವ ಎಂದರೆ ತಾಯಿಯಲ್ಲವೇ? ತಾಯಿಯ ಹೆಸರು ಯಾರು ಕೇಳಿದರು? ಹೆಂಡತಿಯ ಹೆಸರು ಹೇಳು" ಎಂದು ಗದರಿದರು. ಇವನು ವಿವರಿಸುವ ಹೊತ್ತಿಗೆ ಅವರು ಬಾಯಿ ಎಂದು ಬರೆದಾಗಿತ್ತು. ನಾವು ಹೊರಗೆ ಬಂದು ಬಿದ್ದುಬಿದ್ದು ನಕ್ಕೆವು. ಆಮೇಲೆ ಎಷ್ಟೋ ದಿನ ಅವನನ್ನು ನಾನು ಅದೇ ಹೆಸರು ಹಿಡಿದು ಕಾಡಿಸಿದ್ದುಂಟು. ಇವತ್ತು ಆ ನಗು ನೆನೆದರೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ.

ಆಕೆಯ ಜೊತೆ ನಾನು ಅಲೆದ ಕಚೇರಿಗಳ ಹೆಸರು ಹೇಳಿ ಯಾರನ್ನೂ ದೂರುವುದಿಲ್ಲ, ಎಲ್ಲರೂ ತಮ್ಮ ತಮ್ಮ ನಿಯಮ ತೋರಿಸಿದರು. ಒಂದು ಕಡೆ ಅಫಿಡವಿಟ್ ತನ್ನಿ ಎಂದರು, ತಂದೆವು. ಇನ್ನೊಂದು ಕಡೆ ಈ ಅಫಿಡವಿಟ್ಟಿನ ನಮೂನೆ ನಡೆಯುವುದಿಲ್ಲ ಎಂದರು. ಮೊದಲು ಆಧಾರ್ ತಿದ್ದಿಸಿ ಎಂದರು ಒಬ್ಬರು. ಆಧಾರ್ ಸರಿಯಾಗಿಯೇ ಇದೆಯಲ್ಲ, ಸರಿ ಇರುವುದನ್ನು ತಪ್ಪು ಮಾಡಿಸುವುದು ಹೇಗೆ? ಮತ್ತೊಬ್ಬರು ಪರದೆ ನೋಡುತ್ತಲೇ ಹೇಳಿದರು, ಹೆಂಡತಿಯ ಹೆಸರು ತಿದ್ದಬೇಕೆಂದರೆ ಮಾಜಿ ಸೈನಿಕರೇ ಅರ್ಜಿ ಹಾಕಬೇಕು. ಆಕೆ ಸುಮ್ಮನೆ ಎದ್ದು ಬಂದಳು. ಬಸ್ ನಿಲ್ದಾಣದಲ್ಲಿ ನನ್ನನ್ನು ಕೇಳಿದಳು: "ಅಣ್ಣಾ, ಇವರ ಹತ್ತಿರ ಇರುವ ಆ ಇನ್ನೊಬ್ಬ ಹೆಂಗಸು ಯಾರು?"

ನಿಯಮ ಬೇಕು, ಒಪ್ಪುತ್ತೇನೆ. ಯಾರೋ ಬಂದು ಯಾರದೋ ಪಿಂಚಣಿ ತಿನ್ನಬಾರದು. ಆದರೆ ಇಡೀ ಊರಿಗೆ ಗೊತ್ತಿರುವ ಸತ್ಯವೊಂದನ್ನು ನಾಲ್ಕು ಕಚೇರಿಗಳು ಎರಡು ವರ್ಷದಿಂದ ಹುಡುಕುತ್ತಿವೆ. ಇದು ಒಬ್ಬಳ ಕಥೆಯೂ ಅಲ್ಲ. ನಮ್ಮ ಮಾಜಿ ಸೈನಿಕರ ಸಂಘದಲ್ಲಿ ಕೂತು ಕಾಗದ ಹೊರತೆಗೆಯಿರಿ ಎಂದರೆ ಸಾಕು, ಒಬ್ಬರ ಹೆಂಡತಿಯ ಜನ್ಮದಿನ ಜನವರಿ ಒಂದು, ಇನ್ನೊಬ್ಬರ ಊರಿನ ಹೆಸರು ಅಪ್ಪನ ಹೆಸರಿನ ಜಾಗದಲ್ಲಿ. ನನ್ನದೇ ಹೆಸರಿನಲ್ಲಿ ಒಂದು "ಪ" ಕಡಿಮೆ ಇದೆ. ಬದುಕಿರುವಾಗಲೇ ತಿದ್ದಿಸಬೇಕೆಂದು ಈಗ ಓಡಾಡುತ್ತಿದ್ದೇನೆ, ನನ್ನ ಹೆಂಡತಿ ಬಸ್ ನಿಲ್ದಾಣದಲ್ಲಿ ಅಂಥ ಪ್ರಶ್ನೆ ಕೇಳುವುದು ಬೇಡ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸನ್ಮಾನದ ಖರ್ಚಿನಲ್ಲೇ, ವರ್ಷಕ್ಕೊಮ್ಮೆ ಪ್ರತಿ ತಾಲ್ಲೂಕಿನಲ್ಲಿ ಒಂದು ದಿನ ಒಂದೇ ಸೂರಿನಡಿ ತಹಶೀಲ್ದಾರರು, ಸೈನಿಕ ಕಲ್ಯಾಣ ಇಲಾಖೆಯವರು, ಬ್ಯಾಂಕಿನವರು, ಒಬ್ಬ ನೋಟರಿ ಕೂರಲಿ. ಗ್ರಾಮ ಆಡಳಿತಾಧಿಕಾರಿ ಮತ್ತು ಊರಿನ ಇಬ್ಬರು ಹಿರಿಯರ ಹೇಳಿಕೆ ಪಡೆದು, ಎರಡೂ ಹೆಸರಿನವರು ಒಬ್ಬರೇ ಎಂಬ ದೃಢೀಕರಣವನ್ನು ಅಂದೇ ಕೊಡಲಿ, ಸೇನೆಯ ದಾಖಲೆ ಕಚೇರಿ ಒಪ್ಪುವ ನಮೂನೆಯಲ್ಲೇ ಕೊಡಲಿ. ಆ ನಮೂನೆ ಯಾವುದೆಂದು ತಮ್ಮ ಕಚೇರಿಯಿಂದ ಒಂದು ಪತ್ರ ಹೋದರೆ ವಾರದಲ್ಲಿ ತಿಳಿಯುತ್ತದೆ. ನಾನು ಕೇಳಿದರೆ ತಿಳಿಯುವುದಿಲ್ಲ, ಕೇಳಿ ನೋಡಿದ್ದೇನೆ.

ಇನ್ನೊಂದು ಸಣ್ಣ ವಿಷಯ. ನಮ್ಮೂರಿನಿಂದ ತಾಲ್ಲೂಕಿಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಜಾವ ಐದಕ್ಕೆ ಹದಿನೈದಿಪ್ಪತ್ತು ಹುಡುಗರು ಓಡುತ್ತಾರೆ. ಅಗ್ನಿವೀರ್ ಭರ್ತಿಗೆ ತಯಾರಿ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಮೊಬೈಲಿನಲ್ಲಿ ಸಮಯ ನೋಡಿ ನಾನೇ ಸೀಟಿ ಊದುತ್ತೇನೆ. ಕಬ್ಬಿನ ಟ್ರ್ಯಾಕ್ಟರುಗಳು, ಮರಳಿನ ಲಾರಿಗಳು ಅವರ ತೋಳು ಸವರಿಕೊಂಡು ಹೋಗುತ್ತವೆ. ತಾಲ್ಲೂಕು ಕ್ರೀಡಾಂಗಣಕ್ಕೆ ಆ ಹೊತ್ತಿನಲ್ಲಿ ಬೀಗ. ಅದರ ಕೀಲಿಯನ್ನು ಬೆಳಗ್ಗೆ ಎರಡು ಗಂಟೆ ನನಗೆ ಕೊಡಿಸಿ, ಜವಾಬ್ದಾರಿ ನನ್ನದು. 2022ರಲ್ಲಿ ಬಂದ ಈ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ ಉಳಿಯುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಹಿಡಿದು ಮನೆಗೆ ಬರುತ್ತಾರೆ, ಪಿಂಚಣಿ ಇಲ್ಲ. ನನ್ನ 38ರ ಕಥೆ ಅವರಿಗೆ ಇಪ್ಪತ್ತೈದರ ಆಸುಪಾಸಿನಲ್ಲೇ ಎದುರಾಗುತ್ತದೆ. ಹುಡುಗರಿಗೆ ಇದೆಲ್ಲ ಗೊತ್ತು, ಆದರೂ ಓಡುತ್ತಾರೆ. ಅವರ ಹೊಲಗಳು ನನ್ನ ಕಾಲದ ನಾಲ್ಕು ಎಕರೆಗಿಂತ ಚಿಕ್ಕವು. ಓಟ ಮುಗಿದ ಮೇಲೆ ನಾನು ಅವರಿಗೆ ಹೇಳುವುದು ಒಂದೇ, ಭರ್ತಿಯ ದಿನ ಗುಮಾಸ್ತರು ಎಷ್ಟೇ ಗದರಲಿ, ನಿಮ್ಮ ಹೆಸರು, ಅಪ್ಪ ಅವ್ವನ ಹೆಸರು ಪರದೆಯ ಮೇಲೆ ನೋಡಿ, ಅಕ್ಷರ ಅಕ್ಷರ ಓದಿ, ಆಮೇಲೆ ಸಹಿ ಹಾಕಿ. ಅವರು ನಗುತ್ತಾರೆ.

26ಕ್ಕೆ ಬರುತ್ತೇನೆ. ಕಾರ್ಗಿಲ್ ಯುದ್ಧದ ಆಪರೇಷನ್ ವಿಜಯ್ ಪದಕವನ್ನು ಉಜ್ಜಿ ಇಟ್ಟಿದ್ದೇನೆ. ಆಕೆಯನ್ನೂ ಕರೆತರುತ್ತೇನೆ, ಕಡತವೂ ಜೊತೆಗಿರುತ್ತದೆ. ಮುಂದಿನ ಸಾಲಿನಲ್ಲಿ ಇನ್ನೊಂದು ಕುರ್ಚಿ ಹಾಕಿಸಬೇಕು. ಆಕೆಗೆ ಸಹಿ ಬರುವುದಿಲ್ಲ. ಕಳೆ ತೆಗೆದು ತೆಗೆದು ಬೆರಳಿನ ಗೆರೆಗಳು ಸವೆದಿರುವುದರಿಂದ ಕಚೇರಿಗಳ ಬೆರಳಚ್ಚಿನ ಯಂತ್ರ ಆಕೆಯನ್ನು ಗುರುತಿಸುವುದಿಲ್ಲ. ಕಾಗದದ ಮೇಲೆ ಹೆಬ್ಬೆಟ್ಟು ಮಾತ್ರ ಚೆನ್ನಾಗಿ ಮೂಡುತ್ತದೆ. ವೇದಿಕೆಯ ಮೇಜಿನ ಮೇಲೆ ಹಾರಗಳ ಪಕ್ಕದಲ್ಲಿ ದಯವಿಟ್ಟು ಒಂದು ಇಂಕ್ ಪ್ಯಾಡ್ ಇಡಿಸಿರಿ.

ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಲ್ಯಾನ್ಸ್ ನಾಯಕ್ (ಡ್ರೈವರ್)